ಸೊಲ್ಯೂಷನ್‌ನಲ್ಲಿ ಚೆನ್ನಾಗಿ ಹೊಳೆಯೋ ನೀಲಿ ಮಾಲಿಕ್ಯೂಲ್ ಫಿಲ್ಮ್‌ನಲ್ಲಿ ಮಂಕಾಗ್ತಿದೆ, ಓಎಲ್‌ಇಡಿಗೆ ಏನು ಬದಲಾಯಿಸ್ಬೇಕು?

ನೀಲಾಂಜನ_ಕೆಮ್

ಎಲ್ಲರಿಗೂ ನಮಸ್ಕಾರ. ನಾನು ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡ್ತಿದೀನಿ, ಟಾಪಿಕ್ ಓಎಲ್‌ಇಡಿಗೆ (ಕರೆಂಟ್ ಹರಿಸಿದ್ರೆ ಬೆಳಗೋ ಆರ್ಗ್ಯಾನಿಕ್ ಪದರಗಳ ಡಿವೈಸ್, ಫೋನ್ ಟೀವಿ ಸ್ಕ್ರೀನ್‌ನಲ್ಲಿ ಇರತ್ತೆ) ನೀಲಿ ಎಮಿಟರ್‌ಗಳು, ಅಂದ್ರೆ ನೀಲಿ ಬೆಳಕು ಕೊಡೋ ಮಾಲಿಕ್ಯೂಲ್‌ಗಳು. ನಮ್ಮದು ಪೂರ್ತಿ ಸಿಂಥೆಸಿಸ್ ಲ್ಯಾಬ್, ಡಿವೈಸ್ ಮಾಡೋ ಸೌಲಭ್ಯ ಇಲ್ಲ, ಕೇಳೋಣ ಅಂದ್ರೆ ಸುತ್ತಮುತ್ತ ಈ ಕೆಲಸ ಮಾಡೋರೂ ಇಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗ್ಬೋದು.

ಪೈರೀನ್‌ನ 1 ಮತ್ತು 6ನೇ ಜಾಗಕ್ಕೆ ಟ್ರೈಫಿನೈಲಮೀನ್ ಹಾಕಿದೀನಿ, ಸುಜುಕಿ ಕಪ್ಲಿಂಗ್‌ನಲ್ಲಿ (ಪಲ್ಲಾಡಿಯಮ್ ಬಳಸಿ ಎರಡು ತುಂಡು ಜೋಡಿಸೋ ರಿಯಾಕ್ಷನ್). ಟಾಲೀನ್‌ನಲ್ಲಿ ಕರಗಿಸಿ ಯುವಿ ಲ್ಯಾಂಪ್ ಕೆಳಗೆ ಹಿಡಿದ್ರೆ ಕಣ್ಣು ಕುಕ್ಕೋ ಹಾಗೆ ನೀಲಿ, 450 ನ್ಯಾನೋಮೀಟರ್ ಆಸುಪಾಸು. ಕ್ವಿನೈನ್ ಸಲ್ಫೇಟ್ ಸ್ಟ್ಯಾಂಡರ್ಡ್ ಇಟ್ಟು ನೋಡಿದ್ರೆ ಕ್ವಾಂಟಮ್ ಯೀಲ್ಡ್ (ಹೀರಿದ ಬೆಳಕಲ್ಲಿ ಎಷ್ಟು ವಾಪಸ್ ಬರತ್ತೆ ಅನ್ನೋದು) ಕೂಡ ಚೆನ್ನಾಗೇ ಇದೆ. ಆದ್ರೆ ಅದನ್ನೇ ಗಾಜಿನ ಮೇಲೆ ಸ್ಪಿನ್ ಕೋಟ್ ಮಾಡಿ ಒಣಗಿಸಿದ ತಕ್ಷಣ ಬಣ್ಣ ಹಸಿರಿನ ಕಡೆ ತಿರುಗತ್ತೆ, ಸ್ಪೆಕ್ಟ್ರಮ್ ಅಗಲ ಆಗತ್ತೆ, ಬೆಳಕೂ ಮಂಕು. ಡಿಸಿಎಂನಲ್ಲಿ (ಡೈಕ್ಲೋರೋಮೀಥೇನ್ ದ್ರಾವಕ) ನೋಡಿದ್ರೆ ಟಾಲೀನ್‌ಗಿಂತ ಸ್ವಲ್ಪ ಉದ್ದದ ತರಂಗಕ್ಕೆ ಜರುಗತ್ತೆ.

ಗೈಡ್ ಹೇಳೋದು ಈಗೆಲ್ಲಾ ಟಿಎಡಿಎಫ್ (ಥರ್ಮಲಿ ಆಕ್ಟಿವೇಟೆಡ್ ಡಿಲೇಡ್ ಫ್ಲೋರೆಸೆನ್ಸ್, ವ್ಯರ್ಥ ಆಗೋ ಶಕ್ತಿಯನ್ನೂ ಶಾಖದ ಸಹಾಯದಿಂದ ಬೆಳಕು ಮಾಡೋ ವಿಧಾನ) ಕಾಲ, ಇದೇ ಪೈರೀನ್‌ಗೆ ಒಂದು ಕಡೆ ಎಲೆಕ್ಟ್ರಾನ್ ಎಳೆಯೋ ಗುಂಪು, ಅಂದ್ರೆ ಅಕ್ಸೆಪ್ಟರ್ ಹಾಕಿ ಟಿಎಡಿಎಫ್ ಮಾಡು, 100 ಪರ್ಸೆಂಟ್ ಎಫಿಶಿಯೆನ್ಸಿ ಬರತ್ತೆ ಅಂತ. ನಾನು ಕಂಪ್ಯೂಟರ್‌ನಲ್ಲಿ ಬಿ3ಎಲ್‌ವೈಪಿ ಅನ್ನೋ ಕ್ವಾಂಟಮ್ ವಿಧಾನದಲ್ಲಿ ಲೆಕ್ಕ ಹಾಕಿ ನೋಡ್ದೆ, ಸೈನೋ ಗ್ರೂಪ್ ಹಾಕಿದ್ರೆ ಹೋಮೋ ಲೂಮೋ (ಎಲೆಕ್ಟ್ರಾನ್ ತುಂಬಿರೋ ಅತಿ ಮೇಲಿನ ಮತ್ತು ಖಾಲಿ ಇರೋ ಅತಿ ಕೆಳಗಿನ ಆರ್ಬಿಟಲ್) ಬೇರೆ ಬೇರೆ ಕಡೆ ಕೂತಿರೋ ಚಿತ್ರ ಬಂತು. ಹಾಗಾದ್ರೆ ಮುಂದುವರೀಬಹುದಾ? ಇಲ್ಲಾ ಪೈರೀನನ್ನೇ ಬಿಡ್ಬೇಕಾ? ಆರು ತಿಂಗಳ ಸಿಂಥೆಸಿಸ್ ಶುರು ಮಾಡೋ ಮುಂಚೆ ಗೊತ್ತಿರೋರ ಮಾತು ಕೇಳೋಣ ಅಂತ.

ಕ್ಯೂಶೂ_ಕನ್ನಡಿಗ

ನಮಸ್ಕಾರ ಮೇಡಂ, ಡಿಸಿಎಂನಲ್ಲಿ ಜರುಗಿದ್ದು, ಫಿಲ್ಮ್‌ನಲ್ಲಿ ಸ್ಪೆಕ್ಟ್ರಮ್ ಅಗಲ ಆಗಿದ್ದು ಎಲ್ಲಾ ಬರ್ದಿರೋದ್ರಿಂದ ಉತ್ತರ ಹೇಳೋದು ಸುಲಭ ಆಯ್ತು.

ಫಿಲ್ಮ್‌ನಲ್ಲಿ ನಿಮಗೆ ಕಾಣ್ತಿರೋದು ಬಹುತೇಕ ಎಕ್ಸೈಮರ್. ಪೈರೀನ್ ಅಗಲವಾದ ಚಪ್ಪಟೆ ರಿಂಗ್, ಹತ್ತಿರ ಬಂದ್ರೆ ಒಂದ್ರ ಮೇಲೊಂದು ಕೂತ್ಕೊಳತ್ತೆ, ಆಗ ಎಕ್ಸೈಟ್ ಆದ ಒಂದು ಮಾಲಿಕ್ಯೂಲ್ ಪಕ್ಕದ್ದರ ಜೊತೆ ಸೇರಿ ಕಡಿಮೆ ಶಕ್ತಿಯ ಜೋಡಿ ಆಗತ್ತೆ, ಅದರ ಬೆಳಕು ಅಗಲ, ಹಸಿರಿನ ಕಡೆ, ದುರ್ಬಲ. ಡಿಸಿಎಂನಲ್ಲಿ ಜರುಗೋದು ಬೇರೆ ಕಾರಣಕ್ಕೆ, ಟ್ರೈಫಿನೈಲಮೀನ್‌ನಿಂದ ಪೈರೀನ್ ಕಡೆಗೆ ಸ್ವಲ್ಪ ಚಾರ್ಜ್ ಟ್ರಾನ್ಸ್‌ಫರ್ ಇದೆ ಅಂತ ಅರ್ಥ, ಅದೇನೂ ತೊಂದರೆ ಅಲ್ಲ.

ಇಷ್ಟಕ್ಕೇ ಮಾಲಿಕ್ಯೂಲ್ ಕೆಟ್ಟದ್ದು ಅಂತ ತೀರ್ಮಾನ ಮಾಡ್ಬೇಡಿ. ಓಎಲ್‌ಇಡಿಯಲ್ಲಿ ನೀಲಿ ಎಮಿಟರನ್ನ ಸಾಮಾನ್ಯವಾಗಿ ಶುದ್ಧ ಪದರವಾಗಿ ಹಾಕಲ್ಲ, ಹೋಸ್ಟ್ ಅಂತ ಇನ್ನೊಂದು ವಸ್ತುವಿನ ಒಳಗೆ ಕೆಲವೇ ಪರ್ಸೆಂಟ್ ಬೆರೆಸ್ತಾರೆ. ನೀವು ಅಳತೆ ಮಾಡ್ಬೇಕಾಗಿರೋದು ಅಂಥ ಫಿಲ್ಮನ್ನ. ಪಿಎಂಎಂಎ ಅನ್ನೋ ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ 1 ಪರ್ಸೆಂಟ್, 5 ಪರ್ಸೆಂಟ್, 10 ಪರ್ಸೆಂಟ್ ಹಾಕಿ ಮೂರು ಫಿಲ್ಮ್ ಮಾಡಿ ನೋಡಿ, ಎಲ್ಲಿಂದ ಬಣ್ಣ ಕೆಡೋಕೆ ಶುರು ಆಗತ್ತೆ ಅನ್ನೋದು ಒಂದೇ ದಿನದಲ್ಲಿ ಗೊತ್ತಾಗತ್ತೆ. ಫಿಲ್ಮ್‌ನ ಯೀಲ್ಡ್ ಅಳೆಯೋಕೆ ಕ್ವಿನೈನ್ ಸಲ್ಫೇಟ್ ಹೋಲಿಕೆ ನಡೆಯಲ್ಲ, ಎಲ್ಲಾ ದಿಕ್ಕಿನ ಬೆಳಕನ್ನೂ ಒಟ್ಟುಗೂಡಿಸೋ ಇಂಟಿಗ್ರೇಟಿಂಗ್ ಸ್ಫಿಯರ್ ಬೇಕು.

ಈಗ ಟಿಎಡಿಎಫ್ ವಿಷಯ, ಇಲ್ಲಿ ನಿಮ್ಮ ಗೈಡ್ ಜೊತೆ ಕೂತು ಮಾತಾಡಲೇಬೇಕು. ಡಿವೈಸ್‌ನಲ್ಲಿ ಎಲೆಕ್ಟ್ರಾನ್ ಒಂದು ಕಡೆಯಿಂದ, ಹೋಲ್ (ಧನ ಚಾರ್ಜ್) ಇನ್ನೊಂದು ಕಡೆಯಿಂದ ಬಂದು ಸೇರಿದಾಗ ಹುಟ್ಟೋ ಎಕ್ಸೈಟಾನ್‌ಗಳಲ್ಲಿ, ಅಂದ್ರೆ ಎಕ್ಸೈಟ್ ಆದ ಸ್ಥಿತಿಗಳಲ್ಲಿ, ಸ್ಪಿನ್ ಪ್ರಕಾರ ಎರಡು ಬಗೆ, 25 ಪರ್ಸೆಂಟ್ ಸಿಂಗ್ಲೆಟ್, 75 ಪರ್ಸೆಂಟ್ ಟ್ರಿಪ್ಲೆಟ್. ಮಾಮೂಲಿ ಫ್ಲೋರೆಸೆಂಟ್ ಮಾಲಿಕ್ಯೂಲ್‌ನಲ್ಲಿ ಬೆಳಕು ಕೊಡೋದು ಸಿಂಗ್ಲೆಟ್ ಮಾತ್ರ, ಉಳಿದ ಮುಕ್ಕಾಲು ಭಾಗ ಬಿಸಿಯಾಗಿ ಹೋಗತ್ತೆ. 1998ರಲ್ಲಿ ಪ್ರಿನ್ಸ್‌ಟನ್‌ನ ಫಾರೆಸ್ಟ್ ಮತ್ತು ಸದರ್ನ್ ಕ್ಯಾಲಿಫೋರ್ನಿಯಾದ ಥಾಂಪ್ಸನ್ ಗುಂಪುಗಳು ಪ್ಲಾಟಿನಮ್ ಹಾಕಿ ಟ್ರಿಪ್ಲೆಟ್‌ನಿಂದಲೇ ಬೆಳಕು ತೆಗೆದ್ರು, ಆಮೇಲೆ ಇರಿಡಿಯಮ್ ಬಂತು. 2012ರಲ್ಲಿ ಇಲ್ಲಿ ಜಪಾನಿನ ಕ್ಯೂಶೂ ಯೂನಿವರ್ಸಿಟಿಯಲ್ಲಿ ಅಡಾಚಿ ಗುಂಪು ಲೋಹವೇ ಇಲ್ಲದೆ ಅದನ್ನ ಸಾಧಿಸ್ತು, ಡೈಸೈನೋಬೆಂಜೀನ್ ಸುತ್ತ ನಾಲ್ಕು ಕಾರ್ಬಜೋಲ್, ರಿಂಗ್‌ಗಳು ಒಂದಕ್ಕೊಂದು ತಿರುಚಿಕೊಂಡು ನಿಂತಿರೋದ್ರಿಂದ ಹೋಮೋ ಒಂದು ಕಡೆ ಲೂಮೋ ಇನ್ನೊಂದು ಕಡೆ, ಸಿಂಗ್ಲೆಟ್ ಟ್ರಿಪ್ಲೆಟ್ ನಡುವಿನ ಅಂತರ 0.1 ಇವಿಗಿಂತ (ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಕಡಿಮೆ. ಅಷ್ಟು ಕಡಿಮೆ ಇದ್ರೆ ರೂಮ್ ಟೆಂಪರೇಚರ್‌ನ ಶಾಖವೇ ಟ್ರಿಪ್ಲೆಟನ್ನ ಮೇಲಕ್ಕೆ ಸಿಂಗ್ಲೆಟ್‌ಗೆ ಹತ್ತಿಸತ್ತೆ. ಆ 100 ಪರ್ಸೆಂಟ್ ಅನ್ನೋದು ಡಿವೈಸ್ ಒಳಗಿನ ಲೆಕ್ಕ ಮಾತ್ರ, ಹೊರಗೆ ಬರೋದು ಅಷ್ಟಲ್ಲ, ಅದನ್ನ ಡಿವೈಸ್ ಗೊತ್ತಿರೋರು ಹೇಳ್ತಾರೆ.

ನಿಮ್ಮ ಪೈರೀನ್‌ಗೆ ಇದು ಯಾಕೆ ಆಗಲ್ಲ ಅಂದ್ರೆ, ಪೈರೀನ್ ರಿಂಗ್‌ಗೆ ತನ್ನದೇ ಟ್ರಿಪ್ಲೆಟ್ ಇದೆ, ಸುಮಾರು 2.1 ಇವಿಯಲ್ಲಿ. ನೀಲಿ ಬೆಳಕಿಗೆ ಸಿಂಗ್ಲೆಟ್ 2.7 ಇವಿ ಬೇಕು. ನೀವು ಎಷ್ಟೇ ಚಂದದ ಅಕ್ಸೆಪ್ಟರ್ ಹಾಕಿ ಚಾರ್ಜ್ ಟ್ರಾನ್ಸ್‌ಫರ್ ಸ್ಥಿತಿಯ ಅಂತರ ಕಡಿಮೆ ಮಾಡಿದ್ರೂ ಟ್ರಿಪ್ಲೆಟ್‌ಗಳೆಲ್ಲಾ ಕೆಳಗೆ ಆ ಪೈರೀನ್ ಗುಂಡಿಗೇ ಬೀಳ್ತವೆ, ಅಲ್ಲಿಂದ 0.6 ಇವಿ ಮೇಲೆ ಹತ್ತೋಕೆ ಶಾಖಕ್ಕೆ ಆಗಲ್ಲ. ದೊಡ್ಡ ರಿಂಗ್ ಇರೋ ಯಾವುದಕ್ಕೂ ಇದೇ ಕಷ್ಟ, ಆಂಥ್ರಸೀನ್ ಇನ್ನೂ ಕೆಳಗೆ, 1.8 ಹತ್ತಿರ. ನೀಲಿ ಟಿಎಡಿಎಫ್ ಮಾಡೋರು ಕಾರ್ಬಜೋಲ್, ಡೈಹೈಡ್ರೋಅಕ್ರಿಡೀನ್, ಡೈಫಿನೈಲ್ ಸಲ್ಫೋನ್, ಟ್ರಯಾಜೀನ್ ಥರದ ಚಿಕ್ಕ ತುಂಡುಗಳನ್ನೇ ಯಾಕೆ ಹಿಡ್ಕೊಂಡಿದಾರೆ ಅನ್ನೋದಕ್ಕೆ ಇದೇ ಕಾರಣ, ಆ ತುಂಡುಗಳ ಟ್ರಿಪ್ಲೆಟ್ ಮೇಲಿದೆ.

ಧಾರವಾಡ_ಲೆಕ್ಕದಾಂವ

ಅಕ್ಕಾರ, ಮ್ಯಾಲಿನವರು ಹೇಳಿದ್ದು ಖರೆ ಐತಿ, ನಾ ಬರೇ ಲೆಕ್ಕದ ಮಾತು ಹೇಳ್ತೀನಿ.

ಹೋಮೋ ಲೂಮೋ ಚಿತ್ರ ನೋಡಿ ಟಿಎಡಿಎಫ್ ಅಂತ ಹೇಳಾಕ ಬರೂದಿಲ್ರಿ. ಆ ಚಿತ್ರ ಸಿಂಗ್ಲೆಟ್ಟಿನ ಕಥಿ ಹೇಳಬಹುದು, ಆದ್ರ ಎಲ್ಲಕ್ಕೂ ಕೆಳಗಿನ ಟ್ರಿಪ್ಲೆಟ್ ಹೋಮೋದಿಂದ ಲೂಮೋಕ್ಕ ಹೋಗೂದs ಆಗಿರಬೇಕಂತ ಎಲ್ಲೈತಿ? ನೀವು ಟಿಡಿ-ಡಿಎಫ್‌ಟಿ (ಎಕ್ಸೈಟ್ ಆದ ಸ್ಥಿತಿಗಳ ಲೆಕ್ಕ) ಓಡಿಸಿ ಟಿ1, ಟಿ2, ಅಂದ್ರ ಕೆಳಗಿನ ಎರಡು ಟ್ರಿಪ್ಲೆಟ್, ಎರಡಕ್ಕೂ ನ್ಯಾಚುರಲ್ ಟ್ರಾನ್ಸಿಷನ್ ಆರ್ಬಿಟಲ್ (ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗ್ತದ ಅನ್ನೋ ಚಿತ್ರ) ತಗದು ನೋಡ್ರಿ. ನಿಮ್ಮ ಮಾಲಿಕ್ಯೂಲ್‌ದಾಗ ಟಿ1 ಪೂರ್ತಿ ಪೈರೀನ್ ಮ್ಯಾಲೇ ಕುಂತಿರ್ತದ, ಹೋಲ್ ಅಲ್ಲೇ, ಎಲೆಕ್ಟ್ರಾನ್ ಅಲ್ಲೇ. ಅದನ್ನ ಕಂಡ್ರ ನಿಮ್ಮ ಗೈಡ್ ಸರ್‌ಗೂ ಹೇಳೂದು ಸರಳ ಆಗ್ತದ, ಮಾತಿಗಿಂತ ಚಿತ್ರ ಛಲೋ.

ಇನ್ನೊಂದ್ರಿ, ಬಿ3ಎಲ್‌ವೈಪಿ ಚಾರ್ಜ್ ಟ್ರಾನ್ಸ್‌ಫರ್ ಸ್ಥಿತಿಗಳನ್ನ ಭಾಳ ಕೆಳಗ ತೋರಸ್ತದ, ಅದಕ ಡೋನರ್-ಅಕ್ಸೆಪ್ಟರ್ ಮಾಲಿಕ್ಯೂಲ್‌ಗೆ ಅಂತರ ಖರೆಗಿಂತ ಸಣ್ಣದು ಬರ್ತದ. ಎಂ06-2ಎಕ್ಸ್, ಇಲ್ಲಂದ್ರ ಒಮೆಗಾ ಟ್ಯೂನ್ ಮಾಡಿದ ರೇಂಜ್ ಸೆಪರೇಟೆಡ್ ಫಂಕ್ಷನಲ್ ಹಾಕ್ರಿ, ಟ್ರಿಪ್ಲೆಟ್‌ಗೆ ಟ್ಯಾಮ್-ಡ್ಯಾಂಕಾಫ್ ಆನ್ ಮಾಡ್ರಿ. ಗಾಸಿಯನ್ ಸಾಫ್ಟ್‌ವೇರ್ ಲೈಸೆನ್ಸ್ ಇಲ್ಲಂದ್ರ ಓರ್ಕಾ ಸಾಫ್ಟ್‌ವೇರ್ ಅಕಾಡೆಮಿಕ್ ಮಂದಿಗೆ ಪುಕ್ಕಟೆ ಸಿಗ್ತದ. ಮುಂದ ಯಾವಾಗರೆ ಬೋರಾನ್-ನೈಟ್ರೋಜನ್ ರಿಂಗ್ ಮಾಡೂದಾದ್ರ, ಅದs 2016ರಾಗ ಜಪಾನಿನ ಹಟಕೆಯಾಮ ಅವರ ಡಾಬ್ನಾ ಮಾದರಿ, ಅಲ್ಲಿ ಮತ್ತ ಉಲ್ಟಾ, ಟಿಡಿ-ಡಿಎಫ್‌ಟಿ ಅಂತರ ದೊಡ್ಡದು ತೋರಸ್ತದ, ಅಲ್ಲಿ ಎಡಿಸಿ(2) ಅಥವಾ ಸಿಸಿ2 ಅನ್ನೋ ಬ್ಯಾರೆ ಲೆಕ್ಕದ ವಿಧಾನ ಬೇಕಾಗ್ತದ.

ಲೆಕ್ಕಕ್ಕಿಂತ ಗಟ್ಟಿ ಸಾಕ್ಷಿ ಅಂದ್ರ ಲಿಕ್ವಿಡ್ ನೈಟ್ರೋಜನ್. 77 ಕೆಲ್ವಿನ್‌ನಾಗ ಮಾಲಿಕ್ಯೂಲನ್ನ ಗಡ್ಡಿ ಕಟ್ಟಿಸಿ, ಲ್ಯಾಂಪ್ ಆರಿದ ಮ್ಯಾಲೆ ಸ್ವಲ್ಪ ಹೊತ್ತು ಬಿಟ್ಟು ಬರೋ ಬೆಳಕಿನ ಸ್ಪೆಕ್ಟ್ರಮ್ ತಗೋರಿ. ಪೈರೀನ್ ಫಾಸ್ಫೊರೆಸೆನ್ಸ್ ದುರ್ಬಲ ಇರ್ತದ, ಆದ್ರ ಕಂಡ್ರ 590 ನ್ಯಾನೋಮೀಟರ್ ಸುತ್ತ, ಇಲ್ಲಾ ಅದಕ್ಕಿಂತ ಆಚೆ ಕಾಣ್ತದ.

ನೀಲಾಂಜನ_ಕೆಮ್

ಇಬ್ಬರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಟ್ರಿಪ್ಲೆಟ್ ಯಾವ ತುಂಡಿನ ಮೇಲೆ ಕೂತಿದೆ ಅಂತ ನೋಡ್ಬೇಕು ಅನ್ನೋದು ನಾನು ಓದಿದ ಯಾವ ರಿವ್ಯೂನಲ್ಲೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಹಾಗಾದ್ರೆ ಪೈರೀನ್ ಮಾಲಿಕ್ಯೂಲ್‌ಗೆ 25 ಪರ್ಸೆಂಟ್‌ಗಿಂತ ಮೇಲೆ ಹೋಗೋ ದಾರಿನೇ ಇಲ್ವಾ? ಮತ್ತೆ ಹೋಸ್ಟ್ ಯಾವುದು ಆರಿಸ್ಕೊಳ್ಳೋದು, ಪೇಪರ್‌ಗಳಲ್ಲಿ ಸಿಬಿಪಿ, ಎಂಸಿಪಿ, ಎಡಿಎನ್ ಅಂತ ನೂರೆಂಟು ಹೆಸರು ಬರತ್ತೆ, ಯಾವುದಕ್ಕೆ ಯಾವುದು ಅಂತ ತಲೆ ತಿರುಗತ್ತೆ.

ಪದರದ_ಮೇಲೆ_ಪದರ

ನಾನು ಸಿಂಥೆಸಿಸ್‌ನವನಲ್ಲ, ಎವಾಪರೇಟರ್ (ವಸ್ತುವನ್ನ ಆವಿ ಮಾಡಿ ಪದರ ಹಾಕೋ ಯಂತ್ರ) ಮುಂದೆ ಕೂರೋನು, ಆ ಕಡೆಯಿಂದ ಹೇಳ್ತೀನಿ. ದಾರಿ ಇದೆ, ಮತ್ತೆ ಅದು ನಿಮ್ಮ ಮಾಲಿಕ್ಯೂಲ್‌ಗೆ ಹೇಳಿ ಮಾಡಿಸಿದ ಹಾಗಿದೆ.

ಆಂಥ್ರಸೀನ್ ಹೋಸ್ಟ್ ತಗೊಳ್ಳಿ, ಎಡಿಎನ್ ಅಥವಾ ಅದರ ಮೀಥೈಲ್ ಇರೋ ಎಂಎಡಿಎನ್, ಎರಡೂ ಕೊಳ್ಳೋಕೆ ಸಿಗತ್ತೆ. ಅದರೊಳಗೆ ನಿಮ್ಮ ಪೈರೀನ್ ಕೆಲವು ಪರ್ಸೆಂಟ್. ಟ್ರಿಪ್ಲೆಟ್‌ಗಳು ಹೋಸ್ಟ್‌ನಲ್ಲಿ 1.8 ಇವಿಗೆ ಇಳಿದು ಅಲ್ಲೇ ಓಡಾಡ್ತವೆ, ಡೋಪಂಟ್‌ನ, ಅಂದ್ರೆ ಬೆರೆಸಿದ ನಿಮ್ಮ ಪೈರೀನ್‌ನ, ಟ್ರಿಪ್ಲೆಟ್ 2.1 ಇರೋದ್ರಿಂದ ಅಲ್ಲಿಗೆ ಹೋಗಿ ಸಿಕ್ಕಿಹಾಕಿಕೊಳ್ಳಲ್ಲ, ಹೋಸ್ಟ್‌ನಲ್ಲೇ ಎರಡು ಟ್ರಿಪ್ಲೆಟ್ ಎದುರುಬದುರಾಗಿ 3.6 ಇವಿ ಸೇರಿ ಒಂದು ಸಿಂಗ್ಲೆಟ್ ಹುಟ್ಟತ್ತೆ, ಆ ಸಿಂಗ್ಲೆಟ್ ನಿಮ್ಮ ಡೋಪಂಟ್‌ಗೆ ಬಂದು ನೀಲಿ ಬೆಳಕಾಗತ್ತೆ. ಟ್ರಿಪ್ಲೆಟ್-ಟ್ರಿಪ್ಲೆಟ್ ಅನಿಹಿಲೇಶನ್ ಅಂತಾರೆ. ಎಲ್ಲಾ ಟ್ರಿಪ್ಲೆಟ್ ಹೀಗೆ ಜೋಡಿ ಆದ್ರೆ 75ರಲ್ಲಿ ಅರ್ಧ 37.5, ಮೊದಲಿನ 25 ಸೇರಿ 62.5 ಪರ್ಸೆಂಟ್‌ವರೆಗೂ ಲೆಕ್ಕದಲ್ಲಿ ಹೋಗ್ಬಹುದು. ಫೋನ್, ಟೀವಿಗಳಲ್ಲಿ ಕೆಂಪು ಹಸಿರು ಎರಡೂ ಇರಿಡಿಯಮ್ ಥರದ ಫಾಸ್ಫೊರೆಸೆಂಟ್‌ಗೆ ಹೋಗಿ ವರ್ಷಗಳಾದ್ರೂ ನೀಲಿ ಇಷ್ಟು ಕಾಲ ಮುಖ್ಯವಾಗಿ ಇದೇ ಫ್ಲೋರೆಸೆಂಟ್ ದಾರಿಯಲ್ಲೇ ನಿಂತಿದೆ, ಅಮೀನ್ ಹಾಕಿದ ಪೈರೀನ್ ಡೋಪಂಟ್‌ಗಳು ಈ ಕ್ಷೇತ್ರದಲ್ಲಿ ಹಳೇ ಪರಿಚಯ. ನೀವು ನೋಡ್ಬೇಕಾದ ಒಂದು ವಿಷಯ, ಹೋಸ್ಟ್‌ನ ಎಮಿಷನ್ ಮತ್ತು ನಿಮ್ಮ ಡೋಪಂಟ್‌ನ ಅಬ್ಸಾರ್ಪ್ಷನ್ ಒಂದ್ರ ಮೇಲೊಂದು ಬೀಳ್ಬೇಕು, ಇಲ್ಲದಿದ್ರೆ ಶಕ್ತಿ ದಾಟಲ್ಲ. ಸಿಬಿಪಿ, ಎಂಸಿಪಿ ಎಲ್ಲಾ ಟ್ರಿಪ್ಲೆಟ್‌ನಿಂದ ಬೆಳಕು ತೆಗೆಯೋರಿಗೆ. ಅವರಿಗೆ ಹೋಸ್ಟ್‌ನ ಟ್ರಿಪ್ಲೆಟ್ ಎಮಿಟರ್‌ಗಿಂತ ಮೇಲಿರ್ಬೇಕು, ಸಿಬಿಪಿ 2.6 ಹತ್ತಿರ ಇರೋದ್ರಿಂದ ಹಸಿರಿಗೆ ಸಾಕು ನೀಲಿಗೆ ಸಾಲಲ್ಲ, ಎಂಸಿಪಿ 2.9 ಇರೋದ್ರಿಂದ ನೀಲಿಗೆ ನಡೆಯತ್ತೆ.

ನೀಲಿ ಯಾಕೆ ಇಷ್ಟು ಹಠ ಮಾಡತ್ತೆ ಅನ್ನೋದನ್ನ ಡಿಸೈನ್ ಮಾಡೋರು ಮೊದಲೇ ತಲೆಯಲ್ಲಿ ಇಟ್ಕೊಂಡ್ರೆ ಒಳ್ಳೇದು. 460 ನ್ಯಾನೋಮೀಟರ್ ಅಂದ್ರೆ 2.7 ಇವಿ. ನಿಮ್ಮ ಮಾಲಿಕ್ಯೂಲ್‌ನ ಸಿ-ಎನ್ ಥರದ ಒಂಟಿ ಬಂಧ ಒಡೆಯೋಕೆ ಸುಮಾರು 3ರಿಂದ 4 ಇವಿ ಸಾಕು. ಒಂದು ಎಕ್ಸೈಟಾನ್ ಇದ್ರೆ ಬಚಾವ್, ಆದ್ರೆ ಎಕ್ಸೈಟಾನ್ ತುಂಬಾ ಹೊತ್ತು ಬದುಕಿದ್ದು ಅಷ್ಟರಲ್ಲಿ ಇನ್ನೊಂದು ಎಕ್ಸೈಟಾನೋ ಚಾರ್ಜೋ ಬಂದು ಡಿಕ್ಕಿ ಹೊಡೆದ್ರೆ ಶಕ್ತಿ ಕೂಡಿ 5 ಇವಿ ದಾಟತ್ತೆ, ಬಂಧ ಮುರಿಯತ್ತೆ, ಮುರಿದ ತುಂಡು ಪಕ್ಕದವರ ಬೆಳಕನ್ನೂ ಆರಿಸತ್ತೆ. ಫಾಸ್ಫೊರೆಸೆಂಟ್ ನೀಲಿ, ಟಿಎಡಿಎಫ್ ನೀಲಿ ಎರಡರಲ್ಲೂ 2.7 ಇವಿಯ ಟ್ರಿಪ್ಲೆಟ್ ಮೈಕ್ರೋಸೆಕೆಂಡ್‌ಗಟ್ಟಲೆ ಕಾಯ್ತಾ ಕೂತಿರತ್ತೆ, ಅದೇ ಅವುಗಳ ಆಯಸ್ಸಿಗೆ ಪೆಟ್ಟು. ಆಂಥ್ರಸೀನ್‌ನಲ್ಲಿ ಎರಡು ಟ್ರಿಪ್ಲೆಟ್ ಸೇರಿದ್ರೂ 3.6 ಅಷ್ಟೇ. ಅನೇಕ ಫೋನ್ ಸ್ಕ್ರೀನ್‌ಗಳಲ್ಲಿ ನೀಲಿ ಸಬ್‌ಪಿಕ್ಸೆಲ್ ದೊಡ್ಡದಾಗಿ ಇರೋದೂ ಆಯಸ್ಸಿಗೇ, ದೊಡ್ಡದಿದ್ರೆ ಅಷ್ಟೇ ಬೆಳಕಿಗೆ ಕರೆಂಟ್ ಸಾಂದ್ರತೆ ಕಡಿಮೆ ಸಾಕು. ಅದಕ್ಕೇ ನನ್ನ ಮಟ್ಟಿಗೆ ಎಫಿಶಿಯೆನ್ಸಿ ನಂಬರ್‌ಗಿಂತ ಎಕ್ಸೈಟಾನ್ ಎಷ್ಟು ಬೇಗ ಬೆಳಕಾಗಿ ಹೊರಬರತ್ತೆ ಅನ್ನೋದೇ ದೊಡ್ಡ ಪ್ರಶ್ನೆ, ಪೇಪರ್‌ಗಳಲ್ಲಿ ಲೈಫ್‌ಟೈಮ್ ಕಾಲಮ್ ಖಾಲಿ ಬಿಟ್ಟಿರೋದು ನೋಡಿದ್ರೆ ಬೇಜಾರಾಗತ್ತೆ.

ಹೊರಗೆ ಬರೋ ಬೆಳಕಿನ ಮಾತು ಮೇಲೆ ಬಂತಲ್ಲ. ಆರ್ಗ್ಯಾನಿಕ್ ಪದರದ ವಕ್ರೀಭವನ ಸೂಚ್ಯಂಕ 1.7-1.8, ಹಾಗಾಗಿ ಅಲ್ಲಿ ಹುಟ್ಟಿದ ಬೆಳಕಿನಲ್ಲಿ ಹೆಚ್ಚುಕಮ್ಮಿ 20 ಪರ್ಸೆಂಟ್ ಮಾತ್ರ ಗಾಜು ದಾಟಿ ಬರತ್ತೆ, ಉಳಿದದ್ದು ಒಳಗೇ ಸುತ್ತತ್ತೆ. ಮಾಲಿಕ್ಯೂಲ್ ಉದ್ದವಾಗಿ ಚಪ್ಪಟೆಯಾಗಿದ್ದು ಎವಾಪರೇಟ್ ಮಾಡಿದಾಗ ಗಾಜಿಗೆ ಸಮಾನಾಂತರವಾಗಿ ಮಲಗಿದ್ರೆ ಇದು ಹೆಚ್ಚಾಗತ್ತೆ, ನಿಮ್ಮ 1,6 ಜೋಡಣೆ ಉದ್ದುದ್ದ ಇರೋದ್ರಿಂದ ಆ ಲಾಭ ಸಿಗಬಹುದು.

ಕೊನೆಗೆ ಶುದ್ಧತೆ ಮತ್ತು ಟಿಜಿ, ಅಂದ್ರೆ ಗಾಜಿನಂಥ ಫಿಲ್ಮ್ ಮೆತ್ತಗಾಗೋ ಗ್ಲಾಸ್ ಟ್ರಾನ್ಸಿಷನ್ ತಾಪಮಾನ. ಕಾಲಮ್ ಮಾಡಿ ಎನ್‌ಎಂಆರ್ ಕ್ಲೀನ್ ಬಂತು ಅಂದ್ರೆ ಸಾಲದು, ಸುಜುಕಿಯಿಂದ ಉಳಿದ ಪಲ್ಲಾಡಿಯಮ್, ಪೂರ್ತಿ ರಿಯಾಕ್ಟ್ ಆಗದ ಬ್ರೋಮೋ ತುಂಡು ಎನ್‌ಎಂಆರ್‌ನಲ್ಲಿ ಕಾಣದಷ್ಟು ಇದ್ರೂ ಡಿವೈಸ್ ಆಯಸ್ಸು ತಿನ್ನತ್ತೆ, ಸಬ್ಲಿಮೇಶನ್ (ಆವಿ ಮಾಡಿ ಮತ್ತೆ ಘನ ಮಾಡಿ ಶುದ್ಧ ಮಾಡೋದು) ಮಾಡ್ಲೇಬೇಕು. ಗ್ಲಾಸ್ ಟ್ರಾನ್ಸಿಷನ್ 100 ಡಿಗ್ರಿ ಮೇಲಿರ್ಲಿ. ಹೋಲ್ ಸಾಗಿಸೋ ಪದರಕ್ಕೆ ಹಾಕ್ತಿದ್ದ ಹಳೇ ಕಾಲದ ಟಿಪಿಡಿಗೆ 65 ಡಿಗ್ರಿ ಹತ್ತಿರ ಇತ್ತು, ಡಿವೈಸ್ ಬಿಸಿಯಾದ್ರೆ ಹರಳುಗಟ್ಟಿ ಕೆಡ್ತಿತ್ತು, ಅದಕ್ಕೇ ನ್ಯಾಫ್ಥೈಲ್ ಹಾಕಿ ಎನ್‌ಪಿಬಿ ಬಂದಿದ್ದು, ಅದು 95ರ ಆಸುಪಾಸು.

ಕಡಲಕರೆ_ಟ್ರಾನ್ಸಿಸ್ಟರ್

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ ಉಂಟು. ಎಲ್ಲರೂ ಪೈರೀನ್ ಒಂದರ ಮೇಲೊಂದು ಕೂರುವುದನ್ನು ರೋಗದ ಹಾಗೆ ನೋಡ್ತಾ ಇದ್ದೀರಿ, ಆದ್ರೆ ನಮ್ಮ ಟ್ರಾನ್ಸಿಸ್ಟರ್ ಕೆಲಸದಲ್ಲಿ ಬೇಕಾದದ್ದೇ ಅದು ಮಾರಾಯ್ರೆ. ಚಾರ್ಜ್ ಒಂದು ಮಾಲಿಕ್ಯೂಲಿನಿಂದ ಇನ್ನೊಂದಕ್ಕೆ ಹೋಗ್ಬೇಕಾದ್ರೆ ಪೈ ಮೋಡಗಳು ಒಂದಕ್ಕೊಂದು ತಾಗ್ಬೇಕು. ಪೆಂಟಸೀನ್ ಫಿಲ್ಮಿನಲ್ಲಿ ಮೊಬಿಲಿಟಿ (ಚಾರ್ಜ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವ ಅಳತೆ, cm²/V·s ಲೆಕ್ಕದಲ್ಲಿ) 1ರ ಹತ್ತಿರ ಬಂದದ್ದು, ರೂಬ್ರೀನ್ ಒಂಟಿ ಹರಳಿನಲ್ಲಿ 10 ದಾಟಿದ್ದು ಎಲ್ಲ ಈ ಜೋಡಣೆಯಿಂದಲೇ. ಅಮಾರ್ಫಸ್ ಸಿಲಿಕಾನ್ 1ರ ಆಸುಪಾಸು ಅಂತ ನೆನಪಿಟ್ಟುಕೊಂಡ್ರೆ ಇದು ಸಣ್ಣ ಸಂಗತಿ ಅಲ್ಲ.

ಹಾಗಾಗಿ ನೀಲಾಂಜನ ಅವರೆ, ನಿಮ್ಮ ಥೀಸಿಸ್‌ಗೆ ಎರಡು ಕವಲು ಮಾಡ್ಬಹುದು. ಒಂದರಲ್ಲಿ ಪೈರೀನಿನ ಖಾಲಿ ಜಾಗಕ್ಕೆ ಟರ್ಷರಿ ಬ್ಯುಟೈಲ್ ಹಾಕಿ ಒಟ್ಟಾಗದ ಹಾಗೆ ಮಾಡಿ ಬೆಳಕಿಗೆ. ಇನ್ನೊಂದರಲ್ಲಿ ಟ್ರೈಫಿನೈಲಮೀನ್ ತೆಗೆದು, ಅದು ಪ್ರೊಪೆಲ್ಲರ್ ಹಾಗೆ ತಿರುಚಿಕೊಂಡು ಜೋಡಣೆ ಕೆಡಿಸ್ತದೆ, ಅದರ ಬದಲು ಚಪ್ಪಟೆ ಥಯೋಫೀನ್ ಹಾಕಿ ಟ್ರಾನ್ಸಿಸ್ಟರ್‌ಗೆ. ಒಂದೇ ಮಾಲಿಕ್ಯೂಲ್ ಎರಡೂ ಚೆನ್ನಾಗಿ ಮಾಡ್ಬೇಕು ಅಂತ ಹೊರಟ್ರೆ ಎರಡೂ ಅರ್ಧಂಬರ್ಧ ಆಗುವ ಸಾಧ್ಯತೆಯೇ ಹೆಚ್ಚು. 2001ರಲ್ಲಿ ಹಾಂಗ್‌ಕಾಂಗ್‌ನ ಟ್ಯಾಂಗ್ ಗುಂಪು ಸೈಲೋಲ್ ಮಾಲಿಕ್ಯೂಲಿನಲ್ಲಿ ತೋರಿಸಿದ ಹಾಗೆ, ಟೆಟ್ರಾಫಿನೈಲಿಥೀನ್ ಥರದ್ದು ಸೇರಿಸಿದ್ರೆ ಒಟ್ಟಾದಾಗಲೇ ಹೆಚ್ಚು ಹೊಳೆಯುವ ಮಾಲಿಕ್ಯೂಲ್ ಕೂಡ ಸಿಗ್ತದೆ, ಅದೂ ಒಂದು ದಾರಿ, ಆದ್ರೆ ಬಣ್ಣ ಸಾಮಾನ್ಯವಾಗಿ ನೀಲಿಯಿಂದ ಆಚೆ ಜಾರ್ತದೆ.

ಪದರದ_ಮೇಲೆ_ಪದರ

ಟರ್ಷರಿ ಬ್ಯುಟೈಲ್ ಸಲಹೆಗೆ ನನ್ನ ಪೂರ್ತಿ ಒಪ್ಪಿಗೆ, ಆದ್ರೆ ಸುತ್ತ ಜಾಸ್ತಿ ಹಾಕಿದ್ರೆ ಚಾರ್ಜ್ ಡೋಪಂಟ್‌ಗೆ ಹೋಗೋದು ಕಷ್ಟ ಆಗಬಹುದು, ಒಂದು ಎರಡರಲ್ಲಿ ಮುಗಿಸಿ.

ನೀಲಾಂಜನ_ಕೆಮ್

ಎಲ್ಲರ ಮಾತೂ ಪ್ರಿಂಟ್ ತೆಗೆದು ಗೈಡ್‌ಗೆ ತೋರಿಸ್ತೀನಿ. ಟಿಎಡಿಎಫ್ ಸದ್ಯಕ್ಕೆ ಬಿಟ್ಟು ಆಂಥ್ರಸೀನ್ ಹೋಸ್ಟ್ ದಾರಿ ಹಿಡಿಯೋದು ಅಂತ ನನ್ನ ಮನಸ್ಸಿಗೆ ಬಂದಿದೆ. ಕೊನೇ ಪ್ರಶ್ನೆ, ನಮ್ಮಂಥ ಯೂನಿವರ್ಸಿಟಿಯವರಿಗೆ ಈ ಅಳತೆ, ಡಿವೈಸ್ ಎಲ್ಲಾ ಎಲ್ಲಿ ಮಾಡಿಸೋಕಾಗತ್ತೆ?

ಕ್ಯೂಶೂ_ಕನ್ನಡಿಗ

ಬೆಂಗಳೂರಿನ ಐಐಎಸ್‌ಸಿಯ ಸೆನ್ಸ್ (ನ್ಯಾನೋ ವಿಜ್ಞಾನ) ವಿಭಾಗದಲ್ಲಿ ಐಎನ್‌ಯುಪಿ ಅನ್ನೋ ಕಾರ್ಯಕ್ರಮ ಇದೆ, ಹೊರಗಿನ ಕಾಲೇಜು ಯೂನಿವರ್ಸಿಟಿಯವರು ಅಲ್ಲಿನ ಉಪಕರಣ ಬಳಸೋಕೆ ಅಂತಲೇ ಮಾಡಿರೋದು, ತೆಳು ಫಿಲ್ಮ್ ಅಳತೆಗಳಿಗೆ ಅಲ್ಲಿ ಮೊದಲು ಕೇಳಿ. ಜಕ್ಕೂರಿನ ಜೆಎನ್‌ಸಿಎಎಸ್‌ಆರ್‌ನಲ್ಲಿ ಆರ್ಗ್ಯಾನಿಕ್ ಎಲೆಕ್ಟ್ರಾನಿಕ್ಸ್ ಮಾಡೋ ಗುಂಪು ಬಹಳ ವರ್ಷದಿಂದ ಇದೆ. ಪೂರ್ತಿ ಓಎಲ್‌ಇಡಿಗೆ ಐಐಟಿ ಕಾನ್ಪುರದ ಫ್ಲೆಕ್ಸಿಬಲ್ ಎಲೆಕ್ಟ್ರಾನಿಕ್ಸ್ ಸೆಂಟರ್, ತಿರುವನಂತಪುರದ ಸಿಎಸ್‌ಐಆರ್-ಎನ್‌ಐಐಎಸ್‌ಟಿ ಎರಡನ್ನೂ ವಿಚಾರಿಸಿ. ಬರೆಯುವಾಗ ಮಾಲಿಕ್ಯೂಲ್ ಚಿತ್ರ ಒಂದನ್ನೇ ಕಳಿಸ್ಬೇಡಿ, 77 ಕೆಲ್ವಿನ್ ಸ್ಪೆಕ್ಟ್ರಮ್, ಸೈಕ್ಲಿಕ್ ವೋಲ್ಟಮೆಟ್ರಿಯಿಂದ ಹೋಮೋ, ಶಾಖ ತಡೆಯೋ ಶಕ್ತಿ ಮತ್ತು ಟಿಜಿ ತಿಳಿಸೋ ಟಿಜಿಎ, ಡಿಎಸ್‌ಸಿ ಅಳತೆಗಳು, ಆಮೇಲೆ ಎಡಿಎನ್ ಒಳಗೆ ಬೆರೆಸಿದ ಫಿಲ್ಮ್‌ನ ಸ್ಪೆಕ್ಟ್ರಮ್, ಇಷ್ಟು ಜೊತೆಗಿದ್ರೆ ಡಿವೈಸ್ ಮಾಡೋರು ಆಸಕ್ತಿಯಿಂದ ಉತ್ತರ ಕೊಡ್ತಾರೆ. ಸಬ್ಲೈಮ್ ಮಾಡಿದ ವಸ್ತು ಅವರಿಗೆ ಎಷ್ಟು ಬೇಕು ಅಂತ ಮೊದಲ ಮೇಲ್‌ನಲ್ಲೇ ಕೇಳಿಬಿಡಿ, ಎವಾಪರೇಟರ್‌ಗೆ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಹಿಡಿಯತ್ತೆ, ಸ್ಕೇಲ್‌ಅಪ್ ಈಗಲೇ ಶುರು ಮಾಡಿದ್ರೆ ಒಳ್ಳೇದು.